ಚರಿತ್ರೆಯನ್ನು ಕಂಡ ಎಳೆಯ ಕಣ್ಣುಗಳು

ಶತಮಾನೋತ್ಸವವನ್ನು ಆಚರಿಸುವ ದೇವಾಲಯವೊಂದರ ಚರಿತ್ರೆಯನ್ನು ಬರೆಯಲು ಹೊರಟವರು ಮೊದಲು ಕೈಹಾಕುವುದು ಕಪಾಟಿನಲ್ಲಿ ಜೋಪಾನವಾಗಿರಿಸಿದ ದಾಖಲೆ ಪುಸ್ತಕಗಳಿಗೆ. ಜ್ಞಾನಸ್ನಾನದ ಪುಸ್ತಕ, ವಿವಾಹದ ಪುಸ್ತಕ, ಮರಣದ ಪುಸ್ತಕ: ಈ ಮೂರರಲ್ಲಿ ಒಂದು ಧರ್ಮಕೇಂದ್ರದ ಹುಟ್ಟು, ಬಾಳು, ಸಾವುಗಳೆಲ್ಲವೂ ಸಾಲುಸಾಲಾಗಿ ನಿಂತಿರುತ್ತವೆ. ಗುರುಗಳು ಬಂದರು, ಗುರುಗಳು ಹೋದರು, ಗಂಟೆಗೋಪುರ ಎದ್ದಿತು, ಹೆಂಚಿನ ಮಾಡು ಹೋಗಿ ಕಾಂಕ್ರೀಟಿನ ಮಾಡು ಬಂದಿತು. ಇವೆಲ್ಲವೂ ಅವಶ್ಯವಾದ ಸಂಗತಿಗಳೇ. ಇವುಗಳನ್ನು ತಪ್ಪಿಲ್ಲದಂತೆ ಬರೆದಿಟ್ಟ ಪೂಜ್ಯ ಗುರುಗಳಿಗೆ ನಾವು ಎಷ್ಟು ಕೃತಜ್ಞರಾಗಿದ್ದರೂ ಸಾಲದು.

ಆದರೆ ಈ ಪುಸ್ತಕಗಳಲ್ಲಿ ಮಗುವೊಂದು ಬರುವುದು ಒಂದು ಹೆಸರಾಗಿ ಮಾತ್ರ. ತಂದೆ ಇಂಥವರು, ತಾಯಿ ಇಂಥವರು, ಜ್ಞಾನಪಿತೃಗಳು ಇಂಥವರು ಎಂದು ಬರೆದು ಮುಗಿದ ಮೇಲೆ, ಆ ಹೆಸರು ಮತ್ತೆ ಕಾಣಿಸಿಕೊಳ್ಳುವುದು ವಿವಾಹದ ದಿನವೇ. ನಡುವಿನ ಇಪ್ಪತ್ತು ವರ್ಷಗಳಲ್ಲಿ ಆ ಮಗು ಏನನ್ನು ಕಂಡಿತು, ಏನನ್ನು ಕೇಳಿತು, ಯಾವುದಕ್ಕೆ ಅಂಜಿತು, ಯಾವುದಕ್ಕೆ ಹಿಗ್ಗಿತು ಎಂಬುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ಹಾಗಿದ್ದರೂ ಒಂದು ಊರಿನ ಚರಿತ್ರೆಯ ದೊಡ್ಡ ದಿನಗಳಲ್ಲಿ ಹಿರಿಯರು ಕೆಲಸದಲ್ಲಿ ಮುಳುಗಿರುವಾಗ, ಬದಿಯಲ್ಲಿ ನಿಂತು ಕಣ್ಣರಳಿಸಿ ನೋಡುತ್ತಿರುವವರು ಮಕ್ಕಳೇ. ಅವರು ಬೆಳೆದು ಮುದುಕರಾದ ಮೇಲೆ, ಆ ದಿನವನ್ನು ಕಂಡವರಲ್ಲಿ ಉಳಿಯುವವರೂ ಅವರೇ.

ಈ ಲೇಖನದ ಉದ್ದೇಶ ನಮ್ಮ ಬೆಳಗಾವಿ ಮತ್ತು ಖಾನಾಪುರದ ಪರಿಸರದಲ್ಲಿ, ಹಾಗೂ ಗಡಿಯಾಚೆಗಿನ ನೆರೆಯ ಜಿಲ್ಲೆಯಲ್ಲಿ, ಚರಿತ್ರೆಯನ್ನು ಕಣ್ಣಾರೆ ಕಂಡ ಮಕ್ಕಳ ಮೂರು ತಲೆಮಾರುಗಳನ್ನು ವಾಚಕರ ಮುಂದೆ ನಿಲ್ಲಿಸುವುದು. ಮೊದಲನೆಯ ತಲೆಮಾರು ಕಾಲವಾಯಿತು. ಎರಡನೆಯದು ಹೆಚ್ಚುಕಡಿಮೆ ಕೊನೆಗೊಳ್ಳುತ್ತಿದೆ. ಮೂರನೆಯದು ಇನ್ನೂ ನಮ್ಮ ಮನೆಗಳ ಜಗಲಿಯ ಮೇಲೆ ಕುಳಿತಿದೆ.

ವಿಜಯನಗರದಲ್ಲಿ ಹಾಡಿದ ಬಾಲಕಿ

1924ನೆಯ ಇಸವಿ ಡಿಸೆಂಬರ್ 26 ಮತ್ತು 27ರಂದು ಬೆಳಗಾವಿಯ ಟಿಳಕವಾಡಿಯಲ್ಲಿ ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ 39ನೆಯ ಅಧಿವೇಶನ ಜರುಗಿತು. ಮಹಾತ್ಮಾ ಗಾಂಧಿಯವರು ತಮ್ಮ ಜೀವಮಾನದಲ್ಲಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಇದೇ. ನಾವು ಕ್ರಿಸ್ತಜಯಂತಿಯನ್ನು ಆಚರಿಸಿದ ಮರುದಿನವೇ ಅದು ಪ್ರಾರಂಭವಾಯಿತು. ಸ್ವಾಗತ ಸಮಿತಿಯ ಹೊಣೆ ಹೊತ್ತವರು 'ಕರ್ನಾಟಕ ಸಿಂಹ'ವೆಂದು ಹೆಸರಾದ ಗಂಗಾಧರರಾವ್ ದೇಶಪಾಂಡೆಯವರು. ಸ್ವಯಂಸೇವಕರನ್ನು ಶಿಸ್ತಿನಲ್ಲಿ ನಿಲ್ಲಿಸಿದವರು ಡಾ. ನಾ. ಸು. ಹರ್ಡೀಕರರು. ಅಧಿವೇಶನದ ಬಯಲಿಗೆ 'ವಿಜಯನಗರ'ವೆಂದು ಹೆಸರಿಟ್ಟರು. ಅಂದು ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದಿತು. ಬೆಳಗಾವಿ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಕಳೆದುಹೋದ ಸಾಮ್ರಾಜ್ಯದ ಹೆಸರನ್ನು ಆ ಬಯಲಿಗೆ ಇಟ್ಟುದರಲ್ಲಿ ಕನ್ನಡಿಗರ ಒಂದು ಹಂಬಲ ಅಡಗಿದ್ದಿತು. ಅದೇ ಸಂದರ್ಭದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಪ್ರಥಮ ಕರ್ನಾಟಕ ಏಕೀಕರಣ ಪರಿಷತ್ತು ಕೂಡಿದುದೂ, ಹುಯಿಲಗೋಳ ನಾರಾಯಣರಾಯರ ನಾಡಗೀತೆ ಆ ಅಧಿವೇಶನದಲ್ಲಿ ಮೊಳಗಿದುದೂ ನಮ್ಮ ನಾಡಿನ ಚರಿತ್ರೆಯಲ್ಲಿ ಅಳಿಸಲಾಗದ ಘಟನೆಗಳು.

ಅಲ್ಲಿ ಹಾಡಿದ ಮಕ್ಕಳಲ್ಲಿ ಧಾರವಾಡದಿಂದ ಬಂದ ಹನ್ನೊಂದು ವರ್ಷದ ಒಬ್ಬ ಬಾಲಕಿಯಿದ್ದಳು. 1913ರ ಮಾರ್ಚ್ 5ರಂದು ಜನಿಸಿದ ಆ ಬಾಲಕಿಯ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ನುರಿತ ಗಾಯಕಿ. ಆ ಬಾಲಕಿಯೇ ಮುಂದೆ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯೆಯಾಗಿ, ಕಿರಾನಾ ಘರಾಣೆಯ ಮೇರು ಗಾಯಕಿಯಾಗಿ, 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಪಡೆದ ಡಾ. ಗಂಗೂಬಾಯಿ ಹಾನಗಲ್ಲರು. 2009ರ ಜುಲೈ 21ರಂದು ಅವರು ಹುಬ್ಬಳ್ಳಿಯಲ್ಲಿ ದಿವಂಗತರಾದರು.

ಎಲೆಯ ಮುಂದಿನ ಅಳುಕು

ಬೆಳಗಾವಿ ಅಧಿವೇಶನದ ಬಗೆಗೆ ದಾಖಲೆಗಳಿಗೆ ಕೊರತೆಯಿಲ್ಲ. ಅಧ್ಯಕ್ಷರ ಭಾಷಣ ಅಚ್ಚಾಗಿದೆ. ಠರಾವುಗಳು ಅಚ್ಚಾಗಿವೆ. ನೀರಿಗಾಗಿ ತೋಡಿಸಿದ ಬಾವಿಗೆ 4,370 ರೂಪಾಯಿ 3 ಆಣೆ ಖರ್ಚಾಯಿತೆಂಬ ಲೆಕ್ಕವೂ ಉಳಿದಿದೆ. ಆ ಬಾವಿ ಟಿಳಕವಾಡಿಯಲ್ಲಿ ಇಂದಿಗೂ ಇದೆ. ಅದರ ಬಳಿಯಲ್ಲಿ ವೀರಸೌಧ ನಿಂತಿದೆ. 2024ರ ಡಿಸೆಂಬರಿನಲ್ಲಿ ಅಧಿವೇಶನದ ಶತಮಾನೋತ್ಸವವನ್ನೂ ಊರು ಆಚರಿಸಿತು.

ಗಂಗೂಬಾಯಿಯವರು ಪ್ರಸಿದ್ಧರಾದ ಮೇಲೆ, ತಮ್ಮ ಬಾಲ್ಯದ ಆ ದಿನವನ್ನು ಅನೇಕ ಬಾರಿ ನೆನೆದಿದ್ದಾರೆ. ಮಹಾತ್ಮರ ಸಮಕ್ಷಮದಲ್ಲಿ ಹಾಡಿದ ಹೆಮ್ಮೆ ಆ ನೆನಪಿನಲ್ಲಿ ಇದ್ದೇ ಇದೆ. ಅದರ ಜೊತೆಗೆ ಮತ್ತೊಂದು ಸಂಗತಿಯನ್ನೂ ಅವರು ಮುಚ್ಚಿಡದೆ ಹೇಳಿದರು. ಸಮಾರಂಭ ಮುಗಿದ ಮೇಲೆ ಊಟದ ಜಾಗವನ್ನು ಬಳಿದು ಶುಚಿಮಾಡುವ ಕೆಲಸವನ್ನು ಎಲ್ಲಿ ತನಗೆ ಹೇಳಿಬಿಡುತ್ತಾರೋ ಎಂಬ ಅಳುಕು ಆ ಹನ್ನೊಂದು ವರ್ಷದ ಹುಡುಗಿಯ ಎದೆಯಲ್ಲಿ ಇದ್ದಿತಂತೆ. ಕಾರಣ ಅವರು ಹುಟ್ಟಿದ ಜಾತಿ. ಹಾಡುಗಾರ್ತಿಯರ ಮನೆಯ ಹುಡುಗಿ ಎಂಬ ಕಾರಣಕ್ಕೆ ಧಾರವಾಡದ ಬೀದಿಯಲ್ಲಿ ಅವರು ಮೂದಲಿಕೆಯನ್ನು ಕೇಳಿದ್ದರು. ನೆರೆಮನೆಯ ಹಿತ್ತಲಿನಲ್ಲಿ ಮಾವಿನಕಾಯಿ ಕದ್ದಾಗ, ಕದ್ದುದಕ್ಕಿಂತ ಹೆಚ್ಚಾಗಿ ಇಂಥ ಮನೆಯ ಮಗು ತಮ್ಮ ಹಿತ್ತಲನ್ನು ತುಳಿಯಿತೆಂದು ಮನೆಯವರು ಸಿಡಿಮಿಡಿಗೊಂಡಿದ್ದರು. ಅಂಥ ಅನುಭವವನ್ನು ಹೊತ್ತು ಬಂದ ಮಗುವಿಗೆ, ರಾಷ್ಟ್ರವೇ ಕೂಡಿದ್ದ ಆ ಬಯಲಿನಲ್ಲಿಯೂ ಅಳುಕು ಬಿಡಲಿಲ್ಲ.

ವಾಚಕರು ಈ ಎರಡು ಚಿತ್ರಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಬೇಕು. ವೇದಿಕೆಯ ಮೇಲೆ ಗಾಂಧಿಯವರು ಚರಕ, ಹಿಂದೂ–ಮುಸಲ್ಮಾನರ ಐಕ್ಯ ಮತ್ತು ಅಸ್ಪೃಶ್ಯತೆಯ ನಿವಾರಣೆ, ಈ ಮೂರನ್ನು ಸ್ವರಾಜ್ಯದ ಅಡಿಗಲ್ಲೆಂದು ಸಾರುತ್ತಿದ್ದಾರೆ. ಅದೇ ಬಯಲಿನ ಇನ್ನೊಂದು ಮೂಲೆಯಲ್ಲಿ ಅವರ ಸ್ವಾಗತಕ್ಕೆ ಹಾಡಿದ ಮಗು ಊಟದ ಹೊತ್ತಿಗೆ ತನಗೇನು ಕಾದಿದೆಯೋ ಎಂದು ಹೆದರುತ್ತಿದೆ. ಬಾವಿಯ ಖರ್ಚನ್ನು ಆಣೆಯ ತನಕ ಬರೆದಿಟ್ಟ ಚರಿತ್ರೆ ಈ ಹೆದರಿಕೆಯನ್ನು ಎಲ್ಲಿಯೂ ಬರೆದುಕೊಳ್ಳಲಿಲ್ಲ. ಬರೆದವರು ದುರುದ್ದೇಶದಿಂದ ಬಿಟ್ಟರೆಂದು ಹೇಳುವಂತಿಲ್ಲ. ಅವರಿಗೆ ಅದು ಕಾಣಿಸಲೇ ಇಲ್ಲ. ಆ ಎತ್ತರದಲ್ಲಿ ನಿಂತವರಿಗಷ್ಟೇ ಕಾಣುವ ಸಂಗತಿಗಳಿರುತ್ತವೆ, ನೆಲದಲ್ಲಿ ಕುಳಿತವರಿಗಷ್ಟೇ ಕಾಣುವ ಸಂಗತಿಗಳೂ ಇರುತ್ತವೆ. ಅಸ್ಪೃಶ್ಯತೆಯನ್ನು ಕುರಿತು ಆ ಭಾಷಣ ಏಕೆ ಅಗತ್ಯವಾಗಿತ್ತೆಂಬುದಕ್ಕೆ ಆ ಮಗುವಿನ ಅಳುಕಿಗಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಮಾತಿದೆ. ಈ ನೆನಪು ನಮಗೆ ದಕ್ಕಿದ್ದು ಆ ಬಾಲಕಿ ಗಂಗೂಬಾಯಿ ಹಾನಗಲ್ಲರಾಗಿ ಬೆಳೆದುದರಿಂದ. ಅವರ ಆತ್ಮಕಥನ 'ನನ್ನ ಬದುಕಿನ ಹಾಡು' ಪ್ರಕಟವಾಯಿತು. ಪತ್ರಿಕೆಯವರು ಅವರ ಮನೆಯ ಬಾಗಿಲಿಗೆ ಬಂದರು. ಸಾಕ್ಷ್ಯಚಿತ್ರದವರು ಕ್ಯಾಮೆರಾ ಹೊತ್ತು ಬಂದರು. ಅಂದು ಅವರೊಡನೆ ಹಾಡಿದ ಇತರ ಮಕ್ಕಳ ಮನೆಗೆ ಯಾರು ಹೋದರು? ನೀರು ಹೊತ್ತ ಹುಡುಗ, ತಂದೆಯ ಹೆಗಲೇರಿ ಗಾಂಧಿಯವರನ್ನು ನೋಡಿದ ಮಗು, ಪಂಕ್ತಿಯಲ್ಲಿ ಬಡಿಸಿದ ಹುಡುಗಿಯರು, ಇವರೆಲ್ಲರೂ ತಮ್ಮ ತಮ್ಮ ಬದುಕನ್ನು ಬಾಳಿ, ಕಂಡುದನ್ನು ಎದೆಯಲ್ಲಿಯೇ ಇಟ್ಟುಕೊಂಡು ಮಣ್ಣಾದರು. ಕೇಳಿದವರಿದ್ದರೆ ಅವರೂ ಹೇಳುತ್ತಿದ್ದರು.

ವಳಿವಡೆಯ ಪೋಲಿಷ್ ಮಕ್ಕಳು

ಬೆಳಗಾವಿಯಿಂದ ನೂರು ಕಿಲೋಮೀಟರಿಗೆ ತುಸು ಹೆಚ್ಚು ದೂರದಲ್ಲಿ, ಕೊಲ್ಲಾಪುರದ ಬಳಿ ವಳಿವಡೆ ಎಂಬ ಊರಿದೆ. ಮಿರಜ್–ಕೊಲ್ಲಾಪುರ ರೈಲುದಾರಿಯಲ್ಲಿ ಅದೊಂದು ಸಣ್ಣ ನಿಲ್ದಾಣ. 1943ರಿಂದ 1948ರವರೆಗೆ ಆ ಬಯಲಿನಲ್ಲಿ ಸುಮಾರು 5,000 ಮಂದಿ ಪೋಲೆಂಡ್ ದೇಶದವರು ವಾಸವಾಗಿದ್ದರೆಂದರೆ ನಮ್ಮ ಇಂದಿನ ಯುವಜನರಿಗೆ ಆಶ್ಚರ್ಯವಾದೀತು. ಅವರಲ್ಲಿ ಬಹುಪಾಲು ಹೆಂಗಸರು ಮತ್ತು ಮಕ್ಕಳು. ಬಹುತೇಕ ಎಲ್ಲರೂ ನಮ್ಮಂತೆಯೇ ಕಥೋಲಿಕರು.

ಅವರು ಇಲ್ಲಿಗೆ ಬಂದ ದಾರಿ ಬಹು ದೀರ್ಘವಾದುದು, ಕಣ್ಣೀರಿನಿಂದ ಕೂಡಿದುದು. 1939ರ ಸೆಪ್ಟೆಂಬರ್ 1ರಂದು ಜರ್ಮನಿಯು ಪಶ್ಚಿಮದಿಂದಲೂ, ಅದೇ ತಿಂಗಳ 17ರಂದು ಸೋವಿಯತ್ ರಷ್ಯವು ಪೂರ್ವದಿಂದಲೂ ಪೋಲೆಂಡನ್ನು ಆಕ್ರಮಿಸಿದವು. ಪೂರ್ವ ಪೋಲೆಂಡಿನ ಲಕ್ಷಾಂತರ ಜನರನ್ನು 1940 ಮತ್ತು 1941ರಲ್ಲಿ ರೈಲುಗಳಲ್ಲಿ ತುಂಬಿ ಸೈಬೀರಿಯಕ್ಕೂ ಕಝಾಕಸ್ತಾನಕ್ಕೂ ಅಟ್ಟಲಾಯಿತು. ಚಳಿಯಿಂದ, ಹಸಿವಿನಿಂದ, ರೋಗದಿಂದ ಅಸಂಖ್ಯಾತರು ಸತ್ತರು. 1941ರಲ್ಲಿ ಜರ್ಮನಿಯು ರಷ್ಯದ ಮೇಲೆಯೇ ತಿರುಗಿಬಿದ್ದಾಗ ಒಪ್ಪಂದವೊಂದು ಏರ್ಪಟ್ಟು ಪೋಲಿಷರಿಗೆ ಬಿಡುಗಡೆ ದೊರೆಯಿತು. 1942ರಲ್ಲಿ ಜನರಲ್ ಆಂಡರ್ಸರ ಸೈನ್ಯದ ಬೆನ್ನು ಹಿಡಿದು ಸಾವಿರಾರು ಕುಟುಂಬಗಳೂ ಅನಾಥ ಮಕ್ಕಳೂ ಇರಾನ್ ಸೇರಿದರು. ಅಲ್ಲಿಂದ ಮುಂದೆ ಅವರಿಗೆ ಆಶ್ರಯ ಕೊಟ್ಟ ನಾಡುಗಳಲ್ಲಿ ನಮ್ಮ ಭಾರತವೂ ಒಂದು. ನವಾನಗರದ ಜಾಮ್ ಸಾಹೇಬ ದಿಗ್ವಿಜಯಸಿಂಹಜಿಯವರು ತಮ್ಮ ಸಂಸ್ಥಾನದ ಬಾಲಾಚಡಿಯಲ್ಲಿ 1942ರಲ್ಲಿ ಅನಾಥ ಮಕ್ಕಳಿಗೆ ಶಿಬಿರವನ್ನು ಕಟ್ಟಿಸಿ, ಅವರಿಗೆ ತಾವೇ ತಂದೆಯೆಂದು ಹೇಳಿಕೊಂಡರು. ಮರುವರ್ಷ ಕೊಲ್ಲಾಪುರ ಸಂಸ್ಥಾನದ ವಳಿವಡೆಯಲ್ಲಿ ಅದಕ್ಕಿಂತ ದೊಡ್ಡದಾದ ಶಿಬಿರ ಪ್ರಾರಂಭವಾಯಿತು.

ವಳಿವಡೆಯದು ಶಿಬಿರವೆನ್ನುವುದಕ್ಕಿಂತ ಒಂದು ಪುಟ್ಟ ಪಟ್ಟಣವೆಂದರೆ ಸರಿಯಾದೀತು. ಅಲ್ಲಿ ಶಾಲೆಗಳಿದ್ದವು, ಆಸ್ಪತ್ರೆಯಿತ್ತು, ನಾಟಕಶಾಲೆಯಿತ್ತು, ಸ್ಕೌಟ್ ದಳಗಳಿದ್ದವು, ದೇವಾಲಯವಿತ್ತು. ಹಿಮದ ನಾಡಿನ ಮಕ್ಕಳು ದಖ್ಖಣದ ಬಿಸಿಲಿನಲ್ಲಿ ಪೋಲಿಷ್ ಭಾಷೆಯ ಪ್ರಾರ್ಥನೆಯನ್ನು ಹೇಳಿ ಬೆಳೆದರು. ಯುದ್ಧ ಮುಗಿದ ಮೇಲೆ, 1948ರ ಹೊತ್ತಿಗೆ, ಶಿಬಿರ ಮುಚ್ಚಿತು. ಕೆಲವರು ಪೋಲೆಂಡಿಗೆ ಮರಳಿದರೆ, ಬಹಳ ಮಂದಿ ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯ, ಅಮೆರಿಕಗಳಲ್ಲಿ ನೆಲೆಸಿದರು. ಖಾಲಿಯಾದ ಆ ಬಯಲಿಗೆ ದೇಶವಿಭಜನೆಯಿಂದ ನಿರ್ವಸಿತರಾದ ಸಿಂಧಿ ಬಾಂಧವರು ಬಂದು ಸೇರಿದರು. ಇಂದು ಅದು ಗಾಂಧಿನಗರ. ಒಂದು ದೇಶದ ನಿರಾಶ್ರಿತರು ಬಿಟ್ಟುಹೋದ ನೆಲದಲ್ಲಿ ಇನ್ನೊಂದು ಗಡಿಯ ನಿರಾಶ್ರಿತರು ಒಲೆ ಹೊತ್ತಿಸಿದರು.

ವಳಿವಡೆ ಮತ್ತು ಬಾಲಾಚಡಿಯ ಮಕ್ಕಳು ಚದುರಿಹೋದ ಮೇಲೂ ಒಬ್ಬರನ್ನೊಬ್ಬರು ಮರೆಯಲಿಲ್ಲ. ತಮ್ಮದೇ ಸಂಘವನ್ನು ಕಟ್ಟಿಕೊಂಡರು, ನೆನಪುಗಳನ್ನೂ ದಾಖಲೆಗಳನ್ನೂ ಒಟ್ಟಿಗಿಟ್ಟು ದೊಡ್ಡ ಗ್ರಂಥವೊಂದನ್ನು ಹೊರತಂದರು. 1998ರಲ್ಲಿ ಕೊಲ್ಲಾಪುರದ ಮಹಾವೀರ ಉದ್ಯಾನದಲ್ಲಿ ಸ್ಮಾರಕ ಸ್ತಂಭವನ್ನು ನಿಲ್ಲಿಸಿದರು. 2013ರಲ್ಲಿ ಅನು ರಾಧಾ ಅವರು ನಿರ್ದೇಶಿಸಿದ 'ಎ ಲಿಟಲ್ ಪೋಲೆಂಡ್ ಇನ್ ಇಂಡಿಯಾ' ಎಂಬ ಸಾಕ್ಷ್ಯಚಿತ್ರ ತೆರೆಗೆ ಬಂದಿತು. ಅಂದಿನ ಮಕ್ಕಳು ಇಂದು ನರೆಗೂದಲಿನ ಹಿರಿಯರಾಗಿ ಕ್ಯಾಮೆರಾದ ಮುಂದೆ ಕುಳಿತು ತಮಗೆ ಅನ್ನವಿತ್ತ ನಾಡನ್ನು ನೆನೆಯುವ ಚಿತ್ರ ಅದು. 2019ರ ಸೆಪ್ಟೆಂಬರಿನಲ್ಲಿ ವಳಿವಡೆಯ ಹಿಂದಿನ ಮಕ್ಕಳಲ್ಲಿ ಕೆಲವರು ಎಂಬತ್ತು, ತೊಂಬತ್ತರ ವಯಸ್ಸಿನಲ್ಲಿ ಮತ್ತೆ ಕೊಲ್ಲಾಪುರಕ್ಕೆ ಬಂದರು. ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ 'ಒಳ್ಳೆಯ ಮಹಾರಾಜ'ರ ಹೆಸರಿನ ಚೌಕವೂ, ಕೊಲ್ಲಾಪುರದ ಹೆಸರಿನ ಸ್ಮಾರಕವೂ ಇವೆ. 2024ರ ಆಗಸ್ಟಿನಲ್ಲಿ ಭಾರತದ ಪ್ರಧಾನಮಂತ್ರಿಗಳು ಅಲ್ಲಿ ಪುಷ್ಪಗುಚ್ಛವನ್ನಿರಿಸಿದರು.

ಬೆಳಗಾವಿ ಅಧಿವೇಶನದ ಮಕ್ಕಳಿಗೂ ವಳಿವಡೆಯ ಮಕ್ಕಳಿಗೂ ಇರುವ ಅಂತರವನ್ನು ವಾಚಕರು ಈಗಾಗಲೇ ಗುರುತಿಸಿರಬಹುದು. ಅಲ್ಲಿ ಒಬ್ಬರ ನೆನಪು ಅವರ ಕೀರ್ತಿಯ ಬಲದಿಂದ ಉಳಿಯಿತು. ಇಲ್ಲಿ ಹೆಸರುವಾಸಿಯಲ್ಲದ ನೂರಾರು ಜನರ ನೆನಪು ಉಳಿಯಿತು. ಯಾರಾದರೂ ಬಂದು ಕೇಳಲಿ ಎಂದು ಅವರು ಕಾಯದೆ, ತಮ್ಮನ್ನು ತಾವೇ ಕೇಳಿಕೊಂಡುದರಿಂದ ಉಳಿಯಿತು. ಒಂದು ಸಣ್ಣ ಸಮುದಾಯಕ್ಕೂ ಇದು ಸಾಧ್ಯವೆಂಬುದೇ ವಳಿವಡೆಯು ನಮಗೆ ಕಲಿಸುವ ಪಾಠ.

1961ರ ಡಿಸೆಂಬರ್

ಇನ್ನು ನಮ್ಮ ಮನೆಯ ಮಾತಿಗೆ ಬರೋಣ.

ಬೆಳಗಾವಿ ಮತ್ತು ಖಾನಾಪುರ ಪರಿಸರದ ಕಥೋಲಿಕ ಕುಟುಂಬಗಳಲ್ಲಿ ಅನೇಕರ ಬೇರುಗಳು ಗೋವೆಯ ನೆಲದಲ್ಲಿವೆ. ಮದುವೆಯ ಸಂಬಂಧಗಳು, ಹಬ್ಬಗಳು, ಸಂತ ಫ್ರಾನ್ಸಿಸ್ ಝೇವಿಯರರ ಪವಿತ್ರ ಶರೀರದ ದರ್ಶನ, ಇವೆಲ್ಲವೂ ಘಟ್ಟದ ಮೇಲಿನವರನ್ನು ಘಟ್ಟದ ಕೆಳಗಿನವರೊಡನೆ ಕಟ್ಟಿಹಾಕಿದ್ದವು. ಲೋಂಡಾದಿಂದ ಕ್ಯಾಸಲ್‌ರಾಕ್ ಮಾರ್ಗವಾಗಿ ಮರ್ಮಗೋವೆಗೆ ಇಳಿಯುವ ರೈಲು 19ನೆಯ ಶತಮಾನದ ಕೊನೆಯಿಂದಲೂ ಈ ಬಂಧವನ್ನು ಹೊತ್ತು ಓಡುತ್ತಿದ್ದಿತು. ಧರ್ಮಾಡಳಿತದಲ್ಲಿಯೂ ನಮ್ಮ ಪ್ರದೇಶದ ಒಂದು ಭಾಗ ಗೋವೆಯ ಮಹಾಧರ್ಮಪ್ರಾಂತಕ್ಕೆ ಸೇರಿದ್ದಿತು. ಗೋವೆ ಮತ್ತು ಪುಣೆಯ ಧರ್ಮಪ್ರಾಂತಗಳಿಂದ ಭಾಗಗಳನ್ನು ತೆಗೆದು ಬೆಳಗಾವಿ ಧರ್ಮಪ್ರಾಂತವನ್ನು ಸ್ಥಾಪಿಸಿದ್ದು 1953ರ ಸೆಪ್ಟೆಂಬರ್ 19ರಂದು.

ಇದಾದ ಎರಡೇ ವರ್ಷಗಳಲ್ಲಿ ದಾರಿ ಮುಚ್ಚಿತು. ಗೋವೆಯನ್ನು ಬಿಟ್ಟುಕೊಡಲು ಪೋರ್ಚುಗೀಸರು ಒಪ್ಪಲಿಲ್ಲ. 1955ರ ಆಗಸ್ಟ್ 15ರಂದು ಗಡಿಯನ್ನು ದಾಟಿದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿಸಿ, ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದರು. ಭಾರತವು ಆರ್ಥಿಕ ದಿಗ್ಬಂಧನವನ್ನು ಬಿಗಿಗೊಳಿಸಿತು, ರೈಲು ನಿಂತಿತು. ಅದೇ ವರ್ಷದಿಂದ ಲಿಬಿಯಾ ಲೋಬೊ ಮತ್ತು ವಾಮನ ಸರದೇಸಾಯಿಯವರು ಅಂಬೋಲಿಯ ಮತ್ತು ಕ್ಯಾಸಲ್‌ರಾಕಿನ ಕಾಡುಗಳಿಂದ ಗುಪ್ತ ರೇಡಿಯೋ ಕೇಂದ್ರವನ್ನು ನಡೆಸಿ, ಕೊಂಕಣಿ ಮತ್ತು ಪೋರ್ಚುಗೀಸ್ ಭಾಷೆಗಳಲ್ಲಿ ಸ್ವಾತಂತ್ರ್ಯದ ಸಂದೇಶವನ್ನು ಬಿತ್ತರಿಸಿದರು. ಲಿಬಿಯಾ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಿತವಾಯಿತು.

1961ರ ಡಿಸೆಂಬರಿನಲ್ಲಿ, ಕ್ರಿಸ್ತಜಯಂತಿಯ ಸಿದ್ಧತೆಯ ಆಗಮನಕಾಲದಲ್ಲಿ, ಬೆಳಗಾವಿಯು ಸೈನ್ಯದ ಬೀಡಾಯಿತು. ಮೇಜರ್ ಜನರಲ್ ಕೆ. ಪಿ. ಕ್ಯಾಂಡೆತ್ ಅವರ ನೇತೃತ್ವದ 17ನೆಯ ಕಾಲ್ದಳ ಡಿವಿಜನ್ ಇಲ್ಲಿ ನೆರೆಯಿತು. ವಿಮಾನದಳದ ಕಾರ್ಯಾಚರಣೆಯ ಹೊಣೆಯು ಏರ್ ವೈಸ್ ಮಾರ್ಷಲ್ ಎರ್ಲಿಕ್ ಪಿಂಟೊ ಅವರದಾಗಿತ್ತು. ಡಿಸೆಂಬರ್ 18ರಂದು ಸಾಂಬ್ರಾ ನಿಲ್ದಾಣದಿಂದ ಮೇಲೇರಿದ ಆರು ಹಂಟರ್ ವಿಮಾನಗಳು ಬಾಂಬೋಳಿಯ ರೇಡಿಯೋ ಕೇಂದ್ರದ ಮೇಲೆ ದಾಳಿ ಮಾಡಿದವು. ಅನಮೋಡ ಘಟ್ಟವನ್ನಿಳಿದ ಪಡೆ ಮೊಲ್ಲೆಂ ಮಾರ್ಗವಾಗಿ ಫೋಂಡಾದ ಕಡೆಗೆ ಸಾಗಿತು. 19ರ ರಾತ್ರಿ ಗವರ್ನರ್ ಜನರಲ್ ವಾಸಾಲೊ ಇ ಸಿಲ್ವಾ ಶರಣಾಗತಿಯ ಪತ್ರಕ್ಕೆ ಸಹಿ ಹಾಕಿದರು. 1510ರಿಂದ ನಡೆದುಬಂದ 451 ವರ್ಷಗಳ ಪೋರ್ಚುಗೀಸ್ ಆಳ್ವಿಕೆ ಎರಡು ದಿನಗಳಲ್ಲಿ ಮುಗಿಯಿತು.

ಇಷ್ಟನ್ನು ಯಾವ ಚರಿತ್ರೆಯ ಪುಸ್ತಕವಾದರೂ ಹೇಳುತ್ತದೆ. ಆದರೆ ಬೆಳಗಾವಿಯಿಂದ ಅನಮೋಡಕ್ಕೆ ಹೋಗುವ ರಸ್ತೆ ಖಾನಾಪುರದ ಮೂಲಕ ಹಾದುಹೋಗುತ್ತದೆ. ಆ ರಸ್ತೆಯ ಅಂಚಿನ ಮನೆಗಳಲ್ಲಿ ಅಂದು ಮಕ್ಕಳಿದ್ದರು. ಅಂದು ಹತ್ತು ವರ್ಷದವರಾಗಿದ್ದವರು ಇಂದು ಎಪ್ಪತ್ತೈದರ ಆಸುಪಾಸಿನಲ್ಲಿದ್ದಾರೆ. ಅವರು ನಮ್ಮ ಅಜ್ಜ–ಅಜ್ಜಿಯರು. ಭಾನುವಾರದ ಬಲಿಪೂಜೆಯಲ್ಲಿ ನಮ್ಮ ಪಕ್ಕದ ಬೆಂಚಿನಲ್ಲಿ ಕುಳಿತವರು. ಪುಸ್ತಕಕ್ಕೆ ತಿಳಿಯದುದು ಅವರಿಗೆ ತಿಳಿದಿದೆ. ದಾರಿ ಮುಚ್ಚಿದ ಆ ಆರು ವರ್ಷಗಳಲ್ಲಿ ಗೋವೆಯ ಬಂಧುವಿನ ಮದುವೆಗೆ, ಮಣ್ಣಿಗೆ ಹೋಗಲು ಮನೆಯವರು ಏನು ಮಾಡಿದರು? ಬಾರದ ಪತ್ರಕ್ಕಾಗಿ ತಾಯಿ ಎಷ್ಟು ಕಾದಳು? ವಿಮಾನಗಳು ತಲೆಯ ಮೇಲೆ ಹಾರಿದಾಗ, ಅವು ಹೋಗುತ್ತಿರುವುದು ಸ್ವಂತ ಸೋದರಮಾವನ ಊರಿನ ಕಡೆಗೆ ಎಂದು ತಿಳಿದ ಮನೆಯಲ್ಲಿ ಹಿರಿಯರು ಏನು ಮಾತನಾಡಿದರು? ದೇಶದ ವಿಜಯಕ್ಕೆ ಹಿಗ್ಗು, ಬಂಧುಗಳ ಪ್ರಾಣಕ್ಕೆ ದಿಗಿಲು, ಇವೆರಡೂ ಒಂದೇ ಎದೆಯಲ್ಲಿ ಹೇಗೆ ಇದ್ದವು? ಕೆಲವರಿಗೆ ಹಿಗ್ಗೇ ಹೆಚ್ಚಾಗಿದ್ದಿತು, ಕೆಲವರಿಗೆ ದಿಗಿಲೇ ಹೆಚ್ಚಾಗಿದ್ದಿತು. ಎರಡನ್ನೂ ಹೇಳಗೊಡಬೇಕು. ಸಮಾರಂಭಕ್ಕೆ ಒಪ್ಪುವ ಮಾತನ್ನು ಮಾತ್ರ ಆರಿಸಿಕೊಂಡರೆ, 1924ರಲ್ಲಿ ಮಾಡಿದ ತಪ್ಪನ್ನೇ ನಾವೂ ಮಾಡಿದಂತಾಗುತ್ತದೆ.

ಆ ಹಿರಿಯರು ಕಂಡ ಮತ್ತೊಂದು ದೊಡ್ಡ ಬದಲಾವಣೆ ದೇವಾಲಯದ ಒಳಗೆಯೇ ನಡೆಯಿತು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1962ರಿಂದ 1965ರವರೆಗೆ ಜರುಗಿತು. ಅದಕ್ಕೆ ಮುಂಚೆ ಪೀಠಸೇವಕರಾಗಿದ್ದ ಬಾಲಕರು ಲತೀನ್ ಭಾಷೆಯ ಉತ್ತರಗಳನ್ನು ಅರ್ಥ ತಿಳಿಯದೆಯೇ ಬಾಯಿಪಾಠ ಮಾಡಿದ್ದರು. ಗುರುಗಳು ಜನರಿಗೆ ಬೆನ್ನು ಮಾಡಿ ಪೀಠದ ಕಡೆಗೆ ಮುಖವಿಟ್ಟು ನಿಂತು ಪೂಜೆಯನ್ನರ್ಪಿಸುತ್ತಿದ್ದರು. ಕೆಲವೇ ವರ್ಷಗಳಲ್ಲಿ ಗುರುಗಳು ಜನರ ಕಡೆಗೆ ತಿರುಗಿದರು, ಪೂಜೆಯು ತಾಯ್ನುಡಿಯಲ್ಲಿ ಕೇಳಿಸತೊಡಗಿತು. ಮಹಾಸಭೆಯ ನಿರ್ಣಯಗಳು ಗ್ರಂಥಗಳಲ್ಲಿವೆ. ಮೊದಲ ಬಾರಿಗೆ ತನ್ನ ಮಾತಿನಲ್ಲಿ ಪೂಜೆಯನ್ನು ಕೇಳಿದ ಅಕ್ಷರ ಬಾರದ ಅಜ್ಜಿಯ ಮುಖವನ್ನು ಕಂಡವರು ಅಂದಿನ ಮಕ್ಕಳು ಮಾತ್ರ.

ನೆನಪನ್ನು ಒರೆಗೆ ಹಚ್ಚುವುದು

ಬಾಲ್ಯದ ನೆನಪೆಲ್ಲವೂ ಅಪ್ಪಟ ಸತ್ಯವೆಂದು ನಾವು ವಾದಿಸುವುದಿಲ್ಲ. ಮಗುವಿನ ಮನಸ್ಸು ಇಸವಿಯನ್ನು ಹಿಡಿದಿಡುವುದಿಲ್ಲ. ಎರಡು ಬೇರೆ ಬೇರೆ ದಿನಗಳು ಮುದುಕರ ನೆನಪಿನಲ್ಲಿ ಒಂದಾಗುವುದುಂಟು. ಮನೆಯಲ್ಲಿ ನೂರು ಬಾರಿ ಕೇಳಿದ ಮಾತು ತಾನೇ ಕಂಡ ನೋಟವಾಗಿ ಮಾರ್ಪಡುವುದೂ ಉಂಟು. ಆದುದರಿಂದ ಕೇಳುವವರು ಭಕ್ತಿಯ ಜೊತೆಗೆ ವಿವೇಕವನ್ನೂ ಇರಿಸಿಕೊಳ್ಳಬೇಕು. ಹೇಳುವವರಿಗೆ ಅಂದು ಎಷ್ಟು ವಯಸ್ಸಾಗಿತ್ತು, ಎಲ್ಲಿ ನಿಂತಿದ್ದರು, ತಾವೇ ಕಂಡುದೆಷ್ಟು, ಇತರರಿಂದ ಕೇಳಿದುದೆಷ್ಟು ಎಂಬುದನ್ನು ಮೊದಲು ಬರೆದುಕೊಳ್ಳಬೇಕು. ಅದೇ ದಿನವನ್ನು ಕಂಡ ಇನ್ನೊಂದು ಮನೆಯವರನ್ನು ಬೇರೆಯಾಗಿ ಕೇಳಬೇಕು. ದಿನಾಂಕಗಳನ್ನು ದೇವಾಲಯದ ಪುಸ್ತಕಗಳೊಡನೆ, ಅಂದಿನ ವೃತ್ತಪತ್ರಿಕೆಗಳೊಡನೆ ಹೋಲಿಸಬೇಕು. ವಳಿವಡೆಯವರು ನೆನಪು ಮತ್ತು ದಾಖಲೆಗಳನ್ನು ಒಂದೇ ಗ್ರಂಥದಲ್ಲಿ ಇಟ್ಟುದರ ಮರ್ಮವೂ ಇದೇ: ದಾಖಲೆಯು ನೆನಪಿಗೆ ದಿನಾಂಕವನ್ನು ಕೊಡುತ್ತದೆ, ನೆನಪು ದಾಖಲೆಗೆ ಜೀವವನ್ನು ಕೊಡುತ್ತದೆ.

ಯಾರನ್ನು ಕೇಳಬೇಕೆಂಬುದೂ ಮುಖ್ಯವೇ. ಸಾಮಾನ್ಯವಾಗಿ ನಾವು ಹೋಗುವುದು ಪಂಚರ ಮನೆಗೆ, ದಾನಿಗಳ ಮನೆಗೆ, ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ನೀಡಿದ ಕುಟುಂಬಗಳಿಗೆ. ಅವರ ಮಾತು ಬೇಕು. ಅದರೊಡನೆ ದೇವಾಲಯದ ಗಂಟೆ ಹೊಡೆದವನ ಮಗನನ್ನು, ಹಬ್ಬದ ಅಡಿಗೆಗೆ ನೀರು ಹೊತ್ತವಳ ಮಗಳನ್ನು, ಕಟ್ಟಡಕ್ಕೆ ಕಲ್ಲು ಹೊತ್ತ ಮನೆಯವರನ್ನೂ ಕೇಳಬೇಕು. ಯಾರು ಮುಂದಿನ ಸಾಲಿನಲ್ಲಿ ಕುಳಿತರು, ಯಾರು ಬಾಗಿಲ ಬಳಿ ನಿಂತರು, ಹಬ್ಬದ ಊಟದಲ್ಲಿ ಯಾರು ಮೊದಲು ಉಂಡರು, ಯಾರು ಕೊನೆಗೆ ಉಂಡರು ಎಂದು ಕೇಳಲು ನಾವು ಸಂಕೋಚಪಡಬಾರದು. ಗಂಗೂಬಾಯಿಯವರ ಅಳುಕಿನಂಥ ಅಳುಕು ನಮ್ಮ ದೇವಾಲಯದ ಅಂಗಳದಲ್ಲಿ ಯಾವ ಮಗುವಿನ ಎದೆಯಲ್ಲಿಯೂ ಇರಲಿಲ್ಲವೆಂದು ಪ್ರಮಾಣಮಾಡಿ ಹೇಳಬಲ್ಲವರಾರು? ಇದ್ದಿದ್ದರೆ, ಅದನ್ನು ಕೇಳಿ ತಿಳಿದು ತಲೆಬಾಗುವುದು ಶತಮಾನೋತ್ಸವದ ದೀಪಾಲಂಕಾರಕ್ಕಿಂತ ದೊಡ್ಡ ಕಾಣಿಕೆಯಾದೀತು.

ಈ ಕೆಲಸಕ್ಕೆ ಹಣ ಬೇಕಿಲ್ಲ. ಒಂದು ಕಾಲದಲ್ಲಿ ಸಾಕ್ಷ್ಯಚಿತ್ರವೆಂದರೆ ದೊಡ್ಡ ಕ್ಯಾಮೆರಾ, ರೀಲು, ದೀಪಗಳು ಬೇಕಾಗಿದ್ದವು. ಇಂದು ನಮ್ಮ ಯುವಕ ಯುವತಿಯರ ಕಿಸೆಯಲ್ಲಿರುವ ಮೊಬೈಲ್ ಫೋನೇ ಸಾಕು. ಹಿರಿಯರು ಯಾವ ಮಾತಿನಲ್ಲಿ ಕನಸು ಕಾಣುತ್ತಾರೋ ಆ ಮಾತಿನಲ್ಲಿಯೇ, ಕನ್ನಡವಾಗಲಿ, ಕೊಂಕಣಿಯಾಗಲಿ, ಮರಾಠಿಯಾಗಲಿ, ಹೇಳಗೊಡಬೇಕು. ಅವರ ಒಪ್ಪಿಗೆಯಿಲ್ಲದೆ ಒಂದು ಮಾತನ್ನೂ ಹೊರಗೆ ತರಬಾರದು. ಬರೆದುದನ್ನು ಅವರಿಗೆ ಓದಿ ಹೇಳಬೇಕು. ಒಂದು ಪ್ರತಿಯನ್ನು ಜ್ಞಾನಸ್ನಾನದ ಪುಸ್ತಕದ ಪಕ್ಕದಲ್ಲಿಯೇ ಇರಿಸಬೇಕು.

ಇಂದಿನ ಮಕ್ಕಳು

1964ರಲ್ಲಿ ಇಂಗ್ಲೆಂಡಿನ ದೂರದರ್ಶನವೊಂದು ಏಳು ವರ್ಷದ ಹದಿನಾಲ್ಕು ಮಕ್ಕಳನ್ನು ಮಾತನಾಡಿಸಿ 'ಸೆವೆನ್ ಅಪ್' ಎಂಬ ಚಿತ್ರವನ್ನು ತೋರಿಸಿತು. ಮುಂದೆ ನಿರ್ದೇಶಕ ಮೈಕೆಲ್ ಆಪ್ಟೆಡ್ ಅವರು ಏಳು ವರ್ಷಕ್ಕೊಮ್ಮೆ ಆ ಮಕ್ಕಳ ಬಳಿಗೆ ಮತ್ತೆ ಮತ್ತೆ ಹೋದರು. 2019ರಲ್ಲಿ ಅವರು ಅರವತ್ತಮೂರು ವರ್ಷದವರಾಗಿದ್ದಾಗ ತೆಗೆದ ಚಿತ್ರವೇ ಆಪ್ಟೆಡ್ ಅವರ ಕೊನೆಯದು. ಮುದುಕರಾದ ಮೇಲೆ ಬಾಲ್ಯವನ್ನು ಕೇಳುವುದರ ಜೊತೆಗೆ, ಬಾಲ್ಯದಲ್ಲಿಯೇ ಕೇಳಿಟ್ಟುಕೊಳ್ಳುವ ದಾರಿಯೂ ಒಂದಿದೆ ಎಂಬುದನ್ನು ಆ ಚಿತ್ರಮಾಲೆ ತೋರಿಸಿಕೊಟ್ಟಿತು.

ನಮ್ಮ ಇಂದಿನ ಮಕ್ಕಳೂ ಚರಿತ್ರೆಯನ್ನು ಕಂಡವರೇ. 2019ರ ಆಗಸ್ಟಿನಲ್ಲಿ, ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಉಕ್ಕಿ ಹರಿದು ಊರುಗಳನ್ನು ಮುಳುಗಿಸಿದುದನ್ನು ಅವರು ಕಂಡಿದ್ದಾರೆ. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡುದನ್ನು, ಆ ವರ್ಷದ ಏಪ್ರಿಲ್ 12ರ ಪುನರುತ್ಥಾನದ ಹಬ್ಬದಂದು ದೇವಾಲಯಗಳು ಜನರಿಲ್ಲದೆ ಬರಿದಾಗಿದ್ದುದನ್ನು ಅವರು ಕಂಡಿದ್ದಾರೆ. ಸತ್ತ ಅಜ್ಜನ ಮುಖವನ್ನು ಕೊನೆಯ ಬಾರಿ ನೋಡಲಾಗದೆ ಹೋದ ಮಕ್ಕಳು ದೇಶದ ಎಲ್ಲೆಡೆಯೂ ಇದ್ದಾರೆ. ಧರ್ಮೋಪದೇಶದ ತರಗತಿಯಲ್ಲಿ ಒಂದು ಭಾನುವಾರವನ್ನು ಇದಕ್ಕಾಗಿ ಮೀಸಲಿಟ್ಟು, ಅವರು ಕಂಡುದನ್ನು ಅವರ ಕೈಯಲ್ಲಿಯೇ ಬರೆಯಿಸಿ ಇಟ್ಟರೆ, ಮುಂದಿನ ಶತಮಾನೋತ್ಸವದ ಚರಿತ್ರೆಕಾರರು ನಮ್ಮನ್ನು ಹರಸುತ್ತಾರೆ.

ಪ್ರಭು ಯೇಸುಕ್ರಿಸ್ತರು ಜೆರುಸಲೇಮಿನ ದೇವಾಲಯದಲ್ಲಿದ್ದಾಗ ಮಕ್ಕಳು ಜಯಘೋಷ ಮಾಡಿದರು. ಅದನ್ನು ಕೇಳಿ ಹಿರಿಯರು ಸಿಟ್ಟಾದರು. ಪ್ರಭು ನಿಂತದ್ದು ಮಕ್ಕಳ ಪರವಾಗಿ. ಕಂಡುದನ್ನು ಕಂಡಂತೆ ಹೇಳುವ ಬಾಯಿಗೆ ಅವರು ಕೊಟ್ಟ ಬೆಲೆ ಅದು.

ನಮ್ಮ ಮರಣದ ಪುಸ್ತಕದಲ್ಲಿ ಪ್ರತಿ ವರ್ಷವೂ ಹೊಸ ಹೆಸರುಗಳು ಸೇರುತ್ತಿವೆ. ಒಂದೊಂದು ಹೆಸರು ಬರೆದಾಗಲೂ 1961ರ ಡಿಸೆಂಬರಿನ ಒಂದೊಂದು ಕಿಟಕಿ ಮುಚ್ಚುತ್ತಿದೆ. ಶತಮಾನೋತ್ಸವದ ಮೆರವಣಿಗೆ ಮುಗಿದು ಮನೆಗೆ ಮರಳಿದ ಸಂಜೆ, ಜಗಲಿಯ ಮೇಲೆ ಕುಳಿತ ಹಿರಿಯರ ಪಕ್ಕದಲ್ಲಿ ನಾವೂ ಕುಳಿತು, "ಅಜ್ಜಾ, ನೀವು ಸಣ್ಣವರಿದ್ದಾಗ ಏನು ಕಂಡಿರಿ?" ಎಂದು ಕೇಳೋಣ. ಅವರು ಹೇಳಿ ಮುಗಿಸುವವರೆಗೂ ಎದ್ದುಹೋಗದಿರೋಣ.